ಇಂಬಳಕ್ಕೆ ಹೆದರುವವರು, ಉಣುಗನ್ನು ಮರೆತವರು

ನನ್ನ ಚಿಕ್ಕಪ್ಪನ ಮಗ ಸಾಗರದ ಹತ್ತಿರ ಒಂದು ಹೋಂಸ್ಟೇ ನಡೆಸುತ್ತಾನೆ. ಜೂನ್ ಶುರುವಾಯಿತೆಂದರೆ ಅವನ ವಾಟ್ಸಾಪಿಗೆ ಮೊದಲು ಬರುವುದು ಒಂದೇ ಪ್ರಶ್ನೆ. 'ಲೀಚ್ ಇದೆಯಾ?' ಲೀಚ್ ಅಂದರೆ ನಮ್ಮ ಇಂಬಳ, ನೆಲದ ಮೇಲಿನ ಜಿಗಣೆ. ಬಾಡಿಗೆ, ಊಟ, ಬಿಸಿನೀರು ಎಲ್ಲ ಆಮೇಲೆ. ಇದೆ ಅಂದರೆ ಅರ್ಧ ಜನ ಬರುವುದಿಲ್ಲ. ಇಲ್ಲ ಅನ್ನುವ ಹಾಗೂ ಇಲ್ಲ, ಯಾಕೆಂದರೆ ಹಳ್ಳದವರೆಗೆ ಹೋಗಿ ಬರುವಷ್ಟರಲ್ಲಿ ಸಾಕ್ಸ್ ಕೆಂಪಾಗಿರುತ್ತದೆ, ಅದರ ಫೋಟೋ ಸಮೇತ ರಿವ್ಯೂ ಬೀಳುತ್ತದೆ. ಹಾಗಾಗಿ ಅವನು 'ಸ್ವಲ್ಪ ಇರುತ್ತೆ ಸರ್, ಏನೂ ಆಗಲ್ಲ' ಅಂತ ಬರೆದು ಕೈಮುಗಿಯುವ ಇಮೋಜಿ ಹಾಕುತ್ತಾನೆ.

ಇದೇ ಜನ ಜನವರಿ, ಫೆಬ್ರವರಿಯಲ್ಲಿ ಮತ್ತೆ ಕೇಳುತ್ತಾರೆ. 'ಈಗ ಲೀಚ್ ಇರಲ್ಲ ಅಲ್ವಾ?' ಇರಲ್ಲ ಅಂದ ಕೂಡಲೇ ಅಡ್ವಾನ್ಸ್ ಬರುತ್ತದೆ. ಬಂದವರು ಚಪ್ಪಲಿ ಹಾಕಿಕೊಂಡು, ಮೊಣಕಾಲ ಮೇಲಿನ ಚಡ್ಡಿಯಲ್ಲಿ ಬೆಟ್ಟಕ್ಕೆ ಹೋಗಿ, ಒಣಗಿದ ತರಗೆಲೆ ಮೇಲೆ ಆರಾಮಾಗಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ತಿಂಗಳುಗಳಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಅದನ್ನು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲವಂತೆ. ಅವನು ಇದನ್ನು ನಗುತ್ತಲೇ ಹೇಳಿದ, ಆದರೆ ನನಗೆ ಮಾತ್ರ ಅದು ತಲೆಯಿಂದ ಹೋಗುತ್ತಿಲ್ಲ. ನಾವು ಯಾವುದಕ್ಕೆ ಹೆದರುತ್ತೇವೆ, ಎಷ್ಟು ಹೆದರುತ್ತೇವೆ ಅನ್ನುವುದಕ್ಕೂ ಅದು ನಮಗೆ ಏನು ಮಾಡುತ್ತದೆ ಅನ್ನುವುದಕ್ಕೂ ಏನಾದರೂ ಸಂಬಂಧ ಇದೆಯಾ ಅಂತ.

ಮದ್ದು ಹೊಡೆಯುವ ದಿನ

ಅಡಿಕೆ ತೋಟ ಇರುವ ಮನೆಯವರಿಗೆ ಮದ್ದು ಹೊಡೆಯುವ ದಿನ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಅಡಿಕೆಗೆ ಕೊಳೆರೋಗ ಬರದ ಹಾಗೆ ಮಳೆ ಹೊಳವಾದಾಗ ನೋಡಿಕೊಂಡು ಬೋರ್ಡೋ ದ್ರಾವಣ ಹೊಡೆಯಬೇಕು. ಮೈಲುತುತ್ತ ಒಂದು ಡ್ರಮ್ಮಲ್ಲಿ, ಸುಣ್ಣ ಇನ್ನೊಂದರಲ್ಲಿ. ಅಡಿಕೆ ಮರ ಹತ್ತುವ ಕೊನೆಗೌಡ ಮರದ ಮೇಲೆ, ಅಪ್ಪ ಕೆಳಗೆ, ಪೈಪು ಎಳೆಯುವುದಕ್ಕೆ ಇನ್ನಿಬ್ಬರು. ರಜೆ ಇದ್ದರೆ ಮಕ್ಕಳು ಸುಮ್ನೆ ಅಡ್ಡಾಡಿಕೊಂಡು ಬೈಸಿಕೊಳ್ಳುವುದಕ್ಕೆ. ನನಗೆ ಆ ದಿನಗಳು ಇಷ್ಟ. ಕಾರಣ ಇಂಬಳ. ಡ್ರಮ್ಮಿನ ಹತ್ತಿರ ಒಂದೇ ಕಡೆ ತುಂಬಾ ಹೊತ್ತು ನಿಂತಿರಬೇಕಾದ್ದರಿಂದ ಸುತ್ತಲಿನ ಇಂಬಳವೆಲ್ಲ ನಮ್ಮ ಕಡೆಗೇ ಹೊರಟು ಬರುತ್ತಿದ್ದವು. ಬಿದ್ದ ಅಡಿಕೆ ಹಾಳೆಯ ಮೇಲೆ ಕುಕ್ಕರಗಾಲಲ್ಲಿ ಕೂತು ನಾನು ಅವುಗಳನ್ನು ನೋಡುತ್ತಿದ್ದೆ.

ಹಾಳೆಯ ಅಂಚಿಗೆ ಒಂದು ಇಂಬಳ ಬಂದು ಹಿಂಭಾಗ ಊರಿ ನೆಟ್ಟಗೆ ನಿಲ್ಲುತ್ತದೆ. ನಿಂತಾಗ ದಾರದಷ್ಟು ತೆಳು. ಮುಂಭಾಗ ಗಾಳಿಯಲ್ಲಿ ಅತ್ತಿತ್ತ ಆಡುತ್ತಿರುತ್ತದೆ. ಬೆರಳನ್ನು ಸ್ವಲ್ಪ ದೂರದಲ್ಲಿ ಹಿಡಿದರೆ ಆಡುವುದು ನಿಂತು ಬೆರಳ ಕಡೆಗೆ ವಾಲುತ್ತದೆ. ಬೆರಳು ಎಡಕ್ಕೆ ತಂದರೆ ಎಡಕ್ಕೆ, ಬಲಕ್ಕೆ ತಂದರೆ ಬಲಕ್ಕೆ. ಮೆಲ್ಲಗೆ ಉಸಿರು ಬಿಟ್ಟರಂತೂ ಹುಚ್ಚು ಹಿಡಿದ ಹಾಗೆ ಚುರುಕಾಗಿಬಿಡುತ್ತದೆ. ಆಮೇಲೆ ಮುಂಭಾಗ ಊರಿ, ಬೆನ್ನು ಬಿಲ್ಲಿನ ಹಾಗೆ ಎತ್ತಿ, ಹಿಂಭಾಗವನ್ನು ಎಳೆದುಕೊಂಡು, ಮತ್ತೆ ಮುಂಭಾಗ ಚಾಚಿ, ಹೀಗೆ ಅಳೆದುಕೊಂಡೇ ಹೊರಡುತ್ತದೆ. ಇಷ್ಟು ಸಣ್ಣ ಪ್ರಾಣಿಗೆ ಅಷ್ಟೊಂದು ಗಡಿಬಿಡಿ! ಅದಕ್ಕೆ ಐದು ಜೊತೆ ಕಣ್ಣಿದೆ, ನೆರಳು, ಅದುರು, ಮೈಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡು ಎಲ್ಲವೂ ಗೊತ್ತಾಗುತ್ತದೆ ಅಂತ ಓದಿದ್ದು ಎಷ್ಟೋ ವರ್ಷ ಆದಮೇಲೆ. ಹಾಳೆಯ ಮೇಲೆ ಕೂತಾಗ ನಾನು ಅಂದುಕೊಂಡಿದ್ದು, ಇದಕ್ಕೆ ನನ್ನ ಪರಿಚಯ ಇದೆ ಅಂತ.

ಅಂಥ ಒಂದು ದಿನ ಕೊನೆಗೌಡ ಮರದಿಂದ ಇಳಿದಾಗ ಅವನ ಎರಡೂ ಕಾಲು ಮೊಣಕಾಲಿಂದ ಕೆಳಗೆ ಕೆಂಪು. ನಾನು ಕಿರುಚಿದೆ. ಅವನು ಬಗ್ಗಿ ನೋಡಿ, ಕವಳ ತುಂಬಿದ ಬಾಯಲ್ಲೇ ನಕ್ಕ. 'ಹೆದರ್ಬೇಡ ಅಪ್ಪಿ, ಮಳೆನೀರು ಸೇರಿದೆ ಅಷ್ಟೆ. ನೋಡೋಕೆ ಜಾಸ್ತಿ ಕಾಣುತ್ತೆ.' ಆಮೇಲೆ ಕವಳದ ರಸವನ್ನು ಗುರಿಯಿಟ್ಟು ಕಾಲಿನ ಮೇಲೆ ಉಗಿದ. ಕಚ್ಚಿಕೊಂಡಿದ್ದ ಎರಡು ಇಂಬಳ ಮುದುಡಿ ಬಿದ್ದವು. ಅಡಿಕೆ, ಸುಣ್ಣ, ಹೊಗೆಸೊಪ್ಪು ಮೂರೂ ಸೇರಿದ ಔಷಧಿ ಅವನ ಬಾಯಲ್ಲೇ ಇತ್ತು. ಬಿದ್ದ ಇಂಬಳದ ಕಡೆ ಅವನು ತಿರುಗಿಯೂ ನೋಡಲಿಲ್ಲ, ಮುಂದಿನ ಮರಕ್ಕೆ ಹೋದ.

ಈಗ ಯೋಚಿಸಿದರೆ ಆ ಮಾತಿನಲ್ಲಿ ಎಷ್ಟು ಸರಿಯಾದ ಲೆಕ್ಕ ಇತ್ತು ಅನಿಸುತ್ತದೆ. ಒಂದು ಇಂಬಳ ಕುಡಿಯುವುದು ಹನಿಗಳ ಲೆಕ್ಕದಲ್ಲಿ. ಅದು ಬಿಟ್ಟ ಮೇಲೂ ಸೋರುವುದನ್ನು ಸೇರಿಸಿದರೂ ಅಷ್ಟೇನೂ ಆಗುವುದಿಲ್ಲ. ರಕ್ತದಾನ ಶಿಬಿರದಲ್ಲಿ 350 ಮಿಲಿಲೀಟರ್ ಕೊಟ್ಟು, ಬಿಸ್ಕತ್ತು ತಿಂದು, ಸರ್ಟಿಫಿಕೇಟ್ ಹಿಡಿದುಕೊಂಡು ಫೋಟೋ ಹಾಕುವವರೇ ಇಂಬಳ ಕಚ್ಚಿದರೆ ತಲೆ ಸುತ್ತಿ ಕೂರುತ್ತಾರೆ. ಇನ್ನೊಂದು ವಿಷಯವೂ ಇದೆ. ಇಂಬಳದ ಬಗ್ಗೆ ಗಲಾಟೆ ಮಾಡುವುದು ಒಂದು ದಿನ ಕಚ್ಚಿಸಿಕೊಂಡವರು. ಮಳೆಗಾಲ ಪೂರ್ತಿ ಗದ್ದೆ, ತೋಟ, ಸೊಪ್ಪಿನ ಬೆಟ್ಟದಲ್ಲಿ ಬರಿಗಾಲಲ್ಲಿ ದುಡಿದವರು ಇದನ್ನೊಂದು ಮಾತಾಗಿ ಆಡಿದ್ದನ್ನೇ ನಾನು ಕೇಳಿಲ್ಲ. ಸಂಜೆ ಬಚ್ಚಲಲ್ಲಿ ಕಾಲು ತೊಳೆದರೆ ಮುಗಿಯಿತು.

ಕಚ್ಚಿದ್ದು ಗೊತ್ತಾಗದ ಹಾಗೆ

ಎರೆಹುಳದ ಸಂಬಂಧಿ ಇದು. ಕೆರೆ ಜಿಗಣೆಯ ಹಾಗೆ ನೀರಲ್ಲಿ ಬದುಕುವುದಿಲ್ಲ, ಆದರೆ ಪಸೆ ಇಲ್ಲದೆ ಬದುಕುವುದೂ ಇಲ್ಲ. ಮಳೆ ನಿಂತು ಬಿಸಿಲು ಬಲಿತ ಹಾಗೆ ಕಲ್ಲಡಿ, ಮಣ್ಣೊಳಗೆ, ತಂಪಿರುವ ಕಡೆ ಸೇರಿಕೊಳ್ಳುತ್ತದೆ. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ವಾರದಲ್ಲೇ ಎಲ್ಲಿಂದಲೋ ಉದುರಿದ ಹಾಗೆ ಕಾಣಿಸಿಕೊಳ್ಳುತ್ತದೆ. ಮರದಿಂದ ಉದುರುತ್ತದೆ ಅಂತಲೇ ತುಂಬಾ ಜನ ನಂಬಿದ್ದಾರೆ. ನಮ್ಮ ಕಡೆ ಅದು ಹೆಚ್ಚಾಗಿ ಇರುವುದು ನೆಲದ ಮೇಲೆ, ಗಿಡ್ಡ ಗಿಡದ ತುದಿಯಲ್ಲಿ. ಕಾಲಿಗೆ ಹತ್ತಿ, ಅಂಗಿಯೊಳಗಿಂದ ಏರಿ ಏರಿ ಕುತ್ತಿಗೆಗೆ ಬಂದಾಗ ನಮಗೆ ಗೊತ್ತಾಗುತ್ತದೆ. ಆಗ ಎಲ್ಲರೂ ಮೇಲೆ ನೋಡುತ್ತಾರೆ.

ಬಾಯಲ್ಲಿ ಹಲ್ಲಿನ ಅಂಚಿರುವ ಮೂರು ದವಡೆ. ಅದಕ್ಕೇ ಕಚ್ಚಿದ ಗುರುತು ಮೂರು ಗೆರೆ ಒಂದು ಕಡೆ ಸೇರಿದ ಹಾಗೆ ಇರುತ್ತದೆ. ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಪದಾರ್ಥ ಇದೆ. ಜಿಗಣೆಯಲ್ಲಿ ಅಂಥದ್ದೊಂದು ಇದೆ ಅಂತ ಜಾನ್ ಹೇಕ್ರಾಫ್ಟ್ ಎಂಬ ವಿಜ್ಞಾನಿ ತೋರಿಸಿದ್ದು 1884ರಲ್ಲಿ. ಆಮೇಲೆ ಅದಕ್ಕೆ ಹಿರುಡಿನ್ ಅಂತ ಹೆಸರಾಯಿತು. ಅದರ ಮಾದರಿ ನೋಡಿಕೊಂಡೇ ತಯಾರಿಸಿದ ಬೈವಲಿರುಡಿನ್ ಎಂಬ ಔಷಧಿಯನ್ನು ಆಂಜಿಯೋಪ್ಲಾಸ್ಟಿ ಮಾಡುವಾಗ ಬಳಸುತ್ತಾರೆ. ನೆಲದ ಇಂಬಳದ ಜೊಲ್ಲಿನಲ್ಲಿ ಇರುವುದು ಅದೇ ಕೆಲಸ ಮಾಡುವ ಇನ್ನೊಂದು, ಅದನ್ನು ಹೀಮಡಿನ್ ಅನ್ನುತ್ತಾರೆ. ಸುಶ್ರುತ ಸಂಹಿತೆಯಲ್ಲಿ ಜಿಗಣೆಯಿಂದ ಕೆಟ್ಟ ರಕ್ತ ತೆಗೆಸುವ ಬಗ್ಗೆ ಇಡೀ ಒಂದು ಅಧ್ಯಾಯವೇ ಇದೆ. ಹನ್ನೆರಡು ಬಗೆ, ಅದರಲ್ಲಿ ಆರು ವಿಷದವು, ಆರು ಒಳ್ಳೆಯವು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಜಿಗಣೆಗೆ ವೈದ್ಯಕೀಯ ಸಾಧನ ಅಂತ ಒಪ್ಪಿಗೆ ಕೊಟ್ಟಿದ್ದು 2004ರಲ್ಲಿ. ಸಾಧನ! ಸ್ಟೆತಾಸ್ಕೋಪು ಇದ್ದ ಹಾಗೆ.

ಬಿಡಿಸುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಉಪ್ಪು, ಸುಣ್ಣ, ಬೆಂಕಿಕಡ್ಡಿ ಅಂತ ಹುಡುಕುವ ಅಗತ್ಯವೇ ಇಲ್ಲ. ತೆಳ್ಳಗಿರುವ ಕಡೆ ಬಾಯಿ ಇರುತ್ತದೆ. ಅದರ ಪಕ್ಕ ಚರ್ಮಕ್ಕೆ ಉಗುರು ಒತ್ತಿ ಸರಿಸಿದರೆ ಹಿಡಿತ ಬಿಡುತ್ತದೆ, ಆಮೇಲೆ ದಪ್ಪಗಿರುವ ಹಿಂಭಾಗವನ್ನೂ ಹಾಗೇ ಬಿಡಿಸಿ ಚಿಮ್ಮಿ ಒಗೆಯಿರಿ. ಉಪ್ಪು ಹಾಕಿ ನರಳಿಸಿದರೆ ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಕ್ಕುವ ಸಾಧ್ಯತೆ ಇರುತ್ತದೆ. ಗಾಯ ತೊಳೆದು ಒತ್ತಿ ಹಿಡಿಯಿರಿ. ಗಂಟೆಗಟ್ಟಲೆ ಸೋರಬಹುದು, ಒಂದೆರಡು ವಾರ ತುರಿಸಬಹುದು. ಕೆರೆದುಕೊಂಡರೆ ಕೀವಾಗುತ್ತದೆ, ಅದು ನಮ್ಮ ಉಗುರಿನ ತಪ್ಪು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಸ್ವಲ್ಪ ಹುಷಾರಾಗಿರಬೇಕು. ಇಷ್ಟೆ.

ಹಾರುವ ಜಿಗಣೆ

ಇದಕ್ಕೆ ಹೆದರಿದವರಲ್ಲಿ ದೊಡ್ಡ ದೊಡ್ಡವರೂ ಇದ್ದಾರೆ, ಸುಮ್ನೆ ಬೆಂಗಳೂರಿನವರನ್ನು ಆಡಿಕೊಳ್ಳುವುದು ಬೇಡ. ಹದಿನಾಲ್ಕನೇ ಶತಮಾನದ ಪ್ರವಾಸಿ ಇಬ್ನ್ ಬತೂತ ಶ್ರೀಲಂಕಾದ ಶ್ರೀಪಾದ ಬೆಟ್ಟ ಹತ್ತುವಾಗ ಹಾರುವ ಜಿಗಣೆ ನೋಡಿದ್ದನ್ನು ಬರೆದಿದ್ದಾನೆ. ನೀರಿನ ಹತ್ತಿರದ ಗಿಡ, ಹುಲ್ಲಿನ ಮೇಲೆ ಇರುತ್ತದೆ, ಮನುಷ್ಯ ಹತ್ತಿರ ಬಂದರೆ ಮೈಮೇಲೆ ಹಾರುತ್ತದೆ, ಅಲ್ಲಿನವರು ಅದರ ಮೇಲೆ ನಿಂಬೆರಸ ಹಿಂಡುತ್ತಾರೆ ಅಂತ. ಈ ಮನುಷ್ಯ ಅದಕ್ಕೂ ಮುಂಚೆ ನಮ್ಮ ಹೊನ್ನಾವರದಲ್ಲೂ ಇದ್ದವನು. ಅಲ್ಲಿಂದ ಘಟ್ಟ ಹತ್ತಿದ್ದರೆ ನಿಂಬೆಹಣ್ಣಿನ ಅನುಭವ ಮೊದಲೇ ಆಗಿರುತ್ತಿತ್ತು.

ಇಂಬಳ ಹಾರುತ್ತದೆ ಅನ್ನುವುದನ್ನು ತುಂಬಾ ಕಾಲ ಎಷ್ಟೋ ವಿಜ್ಞಾನಿಗಳು ಪ್ರವಾಸಿಗಳ ಬೊಗಳೆ ಅಂತಲೇ ಬದಿಗಿಟ್ಟಿದ್ದರು. 2024ರಲ್ಲಿ ಮಡಗಾಸ್ಕರಿನ ಕಾಡಿನ ವಿಡಿಯೋ ಒಂದು ಪ್ರಕಟವಾಯಿತು. ಎಲೆಯ ಮೇಲಿದ್ದ ಇಂಬಳ ಮೈಯನ್ನು ಹಿಂದಕ್ಕೆ ಮಡಚಿಕೊಂಡು, ಒಮ್ಮೆಲೇ ಮೈ ಚಾಚಿ ನೆಲಕ್ಕೆ ನೆಗೆಯುತ್ತದೆ. ಅದು ನಮ್ಮ ಇಂಬಳದ ಜಾತಿಯಲ್ಲ, ದೂರದ ನೆಂಟ. ಆದರೂ ಆರುನೂರು ಎಂಬತ್ತು ವರ್ಷ ಆದಮೇಲೆ ಬತೂತನ ಮಾತಿಗೆ ಸ್ವಲ್ಪ ಬೆಲೆ ಬಂತು.

ಶ್ರೀಲಂಕಾದ ಇನ್ನೊಂದು ಕಥೆ ನನ್ನ ವಾದಕ್ಕೆ ವಿರುದ್ಧ ಹೋಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. 1818ರಲ್ಲಿ ಕ್ಯಾಂಡಿ ದಂಗೆಯ ಕಾಲಕ್ಕೆ ಬೆಟ್ಟದ ಕಾಡುಗಳಲ್ಲಿ ನಡೆದ ಬ್ರಿಟಿಷ್ ಸೈನ್ಯಕ್ಕೆ, ಅದರಲ್ಲೂ ಮದ್ರಾಸಿನ ಸಿಪಾಯಿಗಳಿಗೆ ಮತ್ತು ಕೂಲಿಗಳಿಗೆ ಇಂಬಳದ ಕಾಟ ಎಷ್ಟಿತ್ತೆಂದರೆ ಎಷ್ಟೋ ಜನ ಸತ್ತೇಹೋದರು ಅಂತ ಆ ಶತಮಾನದ ಇಂಗ್ಲಿಷರ ಬರಹಗಳಲ್ಲಿದೆ. ನಾನು ಅದನ್ನು ನಂಬುತ್ತೇನೆ. ಆದರೆ ಅವರ ಸ್ಥಿತಿ ಊಹಿಸಿಕೊಳ್ಳಿ. ವಾರಗಟ್ಟಲೆ ಒದ್ದೆ ಬಟ್ಟೆ, ಅರೆಹೊಟ್ಟೆ, ಕೆರೆದು ಕೆರೆದು ಹುಣ್ಣಾದ ಕಾಲಲ್ಲಿ ಮತ್ತೆ ಕೆಸರು. ಗಾಯ ಮಾಡಿದ್ದು ಇಂಬಳ, ಕೊಳೆಸಿದ್ದು ಯುದ್ಧ. ಶನಿವಾರ ಬಂದು ಭಾನುವಾರ ಹೋಗುವ ಅತಿಥಿಗೆ ಆ ಕಥೆ ಹೇಳಿ ಹೆದರಿಸುವುದು ಅನ್ಯಾಯ.

ರಕ್ತ ಕಾಣಿಸದ ಕಡಿತ

ಈಗ ಆ ಕೇಳದ ಪ್ರಶ್ನೆಗೆ ಬರುತ್ತೇನೆ. ನಮ್ಮ ಕಾಡಲ್ಲಿ ರಕ್ತ ಕುಡಿಯುವ ಇನ್ನೊಂದು ಪ್ರಾಣಿ ಇದೆ, ಉಣುಗು. ಕೆಲವು ಕಡೆ ಉಣ್ಣೆ ಅನ್ನುತ್ತಾರೆ. ಇಂಬಳ ಮಣ್ಣು ಸೇರುವ ಹೊತ್ತಿಗೆ ಇದರ ಮರಿಗಳ ಕಾಲ ಶುರುವಾಗುತ್ತದೆ. ನವೆಂಬರ್, ಡಿಸೆಂಬರ್‌ನಿಂದ ಮೇವರೆಗೆ ಒಣ ತರಗೆಲೆಯಲ್ಲಿ ಇರುತ್ತದೆ. ಮರಿ ಎಳ್ಳಿಗಿಂತ ಚಿಕ್ಕದು. ಕಚ್ಚಿದರೆ ರಕ್ತ ಸೋರುವುದಿಲ್ಲ, ಸಾಕ್ಸ್ ಕೆಂಪಾಗುವುದಿಲ್ಲ, ಫೋಟೋ ತೆಗೆಯುವುದಕ್ಕೆ ಏನೂ ಇರುವುದಿಲ್ಲ. ಮಂಗನ ಕಾಯಿಲೆ ಬರುವುದು ಇದರಿಂದ.

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನರಿಗೆ ಜ್ವರ ಬಂತು. ಆ ವೈರಸ್ಸಿಗೆ ಪ್ರಪಂಚದ ಪುಸ್ತಕಗಳಲ್ಲೆಲ್ಲ ನಮ್ಮ ಊರಿನ ಹೆಸರೇ ಇದೆ. ಜ್ವರ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. 2019ರ ಶುರುವಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಈ ಕಾಯಿಲೆಯಿಂದ ಏನಾಯಿತು ಅನ್ನುವುದು ನಮ್ಮ ಕಡೆಯವರಿಗೆ ಇನ್ನೂ ನೆನಪಿದೆ. ಜೋಗ ನೋಡುವುದಕ್ಕೆ ಬರುವ ರಸ್ತೆಯಿಂದ ಅದೇನು ಬಹಳ ದೂರವಲ್ಲ. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗೆಲ್ಲ ಕೆಳಗೆ ಬಿದ್ದು ಹೊಸ ಮೈ ಹುಡುಕುತ್ತವೆ. ಅದಕ್ಕೇ ಸತ್ತ ಮಂಗ ಕಂಡರೆ ತಿಳಿಸಿ ಅಂತ ಆರೋಗ್ಯ ಇಲಾಖೆಯವರು ಹೇಳುವುದು, ಸುತ್ತ ಐವತ್ತು ಅಡಿಗೆ ಮೆಲಾಥಿಯಾನ್ ಪುಡಿ ಹಾಕುವುದು. ಮೊದಲು ಒಂದು ಲಸಿಕೆ ಇತ್ತು. ಅದು ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ನಿಲ್ಲಿಸಿದರು. ಈಗ ಇರುವುದು ಮೈಗೆ ಹಚ್ಚುವ ಎಣ್ಣೆ, ಮೈತುಂಬ ಬಟ್ಟೆ ಮತ್ತು ಬಂದ ಮೇಲೆ ಬಿಸಿನೀರು ಸ್ನಾನ.

ಹೋದ ವರ್ಷ ಬೇಸಿಗೆಯಲ್ಲಿ ಊರಲ್ಲಿದ್ದಾಗ ಆಶಾ ಕಾರ್ಯಕರ್ತೆ ಒಬ್ಬರು ಎಣ್ಣೆ ಬಾಟಲಿ ಕೊಡಲು ಬಂದಿದ್ದರು. ಮೊದಲು ಡಿಎಂಪಿ ಅಂತ ಬರುತ್ತಿತ್ತು, ಈಗ ಡೇಪಾ. ಚಿಕ್ಕಮ್ಮ ಅದನ್ನು ತಗೊಂಡು ಜಗಲಿಯ ಗೂಡಲ್ಲಿಟ್ಟರು. ಅಲ್ಲಿ ಆಗಲೇ ಅಂಥದೇ ಬಾಟಲಿಗಳು ಸಾಲಾಗಿ ನಿಂತಿದ್ದವು, ಮುಚ್ಚಳದ ಸೀಲು ಕೂಡ ತೆಗೆದಿರಲಿಲ್ಲ. 'ಹಚ್ಚಲ್ವಾ ಚಿಕ್ಕಮ್ಮಾ?' ಅಂದೆ. 'ಅಯ್ಯೋ, ಅಂಟಂಟು ಮಾರಾಯಾ, ಸೆಕೆಗೆ ಯಾರು ಹಚ್ಚಿಕೊಳ್ತಾರೆ' ಅಂದರು. ಆಶಾ ಅಕ್ಕ ಏನೂ ಮಾತಾಡದೆ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡರು. ಇದೇ ಚಿಕ್ಕಮ್ಮ ಮಳೆಗಾಲದಲ್ಲಿ ಹೊರಗೆ ಕಾಲಿಡುವ ಮುಂಚೆ ಬೇವಿನೆಣ್ಣೆಗೆ ಹೊಗೆಸೊಪ್ಪು ಹಾಕಿ ಕುದಿಸಿದ್ದನ್ನು ಮೊಣಕಾಲವರೆಗೆ ಹಚ್ಚಿಕೊಳ್ಳುತ್ತಾರೆ. ಅದಕ್ಕೇನು ಕಮ್ಮಿ ಅಂಟೇ? ನಾಲ್ಕು ಮನೆಗೆ ನಾರುತ್ತದೆ.

ಅವರನ್ನು ದೂರಿ ಪ್ರಯೋಜನ ಇಲ್ಲ. ಇಂಬಳದ ಕಡಿತಕ್ಕೆ ಅಲ್ಲೇ ಉತ್ತರ ಸಿಗುತ್ತದೆ. ಕಚ್ಚಿತು, ರಕ್ತ ಬಂತು, ತೊಳೆದೆ, ನಿಂತಿತು. ಉಣುಗು ಕಚ್ಚಿದ ಮೇಲೆ ಜ್ವರ ಬರುವುದಕ್ಕೆ ಮೂರರಿಂದ ಎಂಟು ದಿನ ಬೇಕು. ಅಷ್ಟರಲ್ಲಿ ಬೆಟ್ಟಕ್ಕೆ ಹೋಗಿದ್ದೇ ಮರೆತಿರುತ್ತದೆ. ಊರಿನವರಾದರೆ ಪಕ್ಕದ ಆಸ್ಪತ್ರೆಯ ಡಾಕ್ಟರಾದರೂ ಕೇಳುತ್ತಾರೆ, ಕಾಡಿಗೆ ಹೋಗಿದ್ರಾ ಅಂತ. ಫೆಬ್ರವರಿಯ ಅತಿಥಿ ಅಷ್ಟು ಹೊತ್ತಿಗೆ ಬೆಂಗಳೂರಲ್ಲಿ ಆಫೀಸಿನಲ್ಲಿರುತ್ತಾನೆ. ಜ್ವರ ಬಂದರೆ ಡೆಂಗ್ಯೂ ಪರೀಕ್ಷೆ ಮಾಡಿಸುತ್ತಾರೆ. ತಾನು ಮಲೆನಾಡಿಗೆ ಹೋಗಿ ಬಂದೆ ಅಂತ ಅವನಾಗಿಯೇ ಹೇಳಬೇಕು. ಲೀಚ್ ಕಚ್ಚಿರಲಿಲ್ಲವಲ್ಲ, ಹೇಳುವುದಕ್ಕೆ ಏನಿದೆ ಅಂದುಕೊಳ್ಳುತ್ತಾನೆ. ಇಂಬಳ ಕಚ್ಚಿ ಇಂಥ ರೋಗ ಹರಡಿದ್ದನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ಹೀಗಿದ್ದೂ ಕಾಡಿನ ಖಳನಾಯಕ ಅದೇ. ರಕ್ತ ಕಂಡಷ್ಟು ಅಪಾಯ ಅನ್ನುವ ಅಳತೆಗೋಲು ನಮ್ಮೊಳಗೆ ಬಲವಾಗಿ ಕೂತಿದೆ, ಆ ಗೋಲಿಗೆ ಉಣುಗು ಸಿಗುವುದೇ ಇಲ್ಲ.

ಸಾಕ್ಷಿ ಹೇಳಿದ ಇಂಬಳ

ನಾವು ಹೇಸಿಕೊಳ್ಳುವ ಆ ರಕ್ತದಿಂದಲೇ ಇಂಬಳಕ್ಕೆ ಒಂದು ಹೊಸ ಉದ್ಯೋಗ ಸಿಕ್ಕಿದೆ. 2001ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ವಯಸ್ಸಾದ ಹೆಂಗಸೊಬ್ಬರ ಮನೆ ದರೋಡೆ ಆಯಿತು. ಪೊಲೀಸರಿಗೆ ಅಲ್ಲಿ ರಕ್ತ ಕುಡಿದು ಊದಿದ ಒಂದು ಇಂಬಳ ಸಿಕ್ಕಿತು. ಮನೆಯವರಿಗೂ ಪೊಲೀಸರಿಗೂ ಕಚ್ಚಿದ್ದಲ್ಲ. ಅದರ ಹೊಟ್ಟೆಯ ರಕ್ತದ ಡಿಎನ್ಎ ತೆಗೆದಿಟ್ಟರು. ವರ್ಷಗಳಾದ ಮೇಲೆ ಬೇರೆ ಯಾವುದೋ ಕೇಸಿನಲ್ಲಿ ಸಿಕ್ಕಿಬಿದ್ದವನ ಡಿಎನ್ಎ ಅದಕ್ಕೆ ತಾಳೆಯಾಯಿತು, 2009ರಲ್ಲಿ ಶಿಕ್ಷೆಯೂ ಆಯಿತು. ಕಾಡಲ್ಲಿ ಅಡಗಿದ್ದಾಗ ಹತ್ತಿಸಿಕೊಂಡು ಬಂದಿದ್ದಿರಬೇಕು ಪಾಪ.

ಕಳ್ಳನನ್ನು ಹಿಡಿಯಬಹುದಾದರೆ ಕಾಡುಪ್ರಾಣಿಯನ್ನೂ ಹುಡುಕಬಹುದಲ್ಲ. ಜಿಗಣೆ ಕುಡಿದ ರಕ್ತದ ಡಿಎನ್ಎ ತಿಂಗಳುಗಟ್ಟಲೆ ಉಳಿಯುತ್ತದೆ. 2012ರಲ್ಲಿ ವಿಯೆಟ್ನಾಂನ ಅನ್ನಮೈಟ್ ಬೆಟ್ಟಸಾಲಿನ 25 ಇಂಬಳ ಪರೀಕ್ಷಿಸಿದಾಗ 21ರಲ್ಲಿ ಸಸ್ತನಿಗಳ ರಕ್ತ ಸಿಕ್ಕಿತು. ಅದರಲ್ಲಿ ಮೈಮೇಲೆ ಪಟ್ಟೆ ಇರುವ ಅಪರೂಪದ ಮೊಲವೂ ಇತ್ತು. ಅಲ್ಲಿ ಕ್ಯಾಮೆರಾ ಕಟ್ಟಿ ಕಾದರೂ ಕಾಣದ ಪ್ರಾಣಿ ಅದು. ಚೀನಾದ ಯುನ್ನಾನಿನ ಐಲಾವ್‌ಶಾನ್ ಕಾಡಿನಲ್ಲಿ ಇದನ್ನು ಇನ್ನೂ ದೊಡ್ಡದಾಗಿ ಮಾಡಿದರು. 163 ಅರಣ್ಯ ಕಾವಲುಗಾರರು ತಮ್ಮ ಮಾಮೂಲಿ ಗಸ್ತಿನಲ್ಲೇ ಮೂವತ್ತು ಸಾವಿರಕ್ಕೂ ಹೆಚ್ಚು ಇಂಬಳ ಆರಿಸಿ ಕೊಳವೆಗೆ ತುಂಬಿಸಿದರು. 2022ರಲ್ಲಿ ಫಲಿತಾಂಶ ಬಂದಾಗ 86 ಜಾತಿಯ ಪ್ರಾಣಿ, ಪಕ್ಷಿ, ಕಪ್ಪೆಗಳ ಲೆಕ್ಕ ಸಿಕ್ಕಿತ್ತು. ಮೇಲೆ, ಒಳಗಿನ ಕಾಡಲ್ಲಿ ಕಾಡುಪ್ರಾಣಿ ಜಾಸ್ತಿ. ಅಂಚಿನಲ್ಲಿ, ತಗ್ಗಿನಲ್ಲಿ ಹಸು, ಆಡು, ಕುರಿ. ಯಾರು ಎಲ್ಲಿವರೆಗೆ ಮೇಯಿಸುತ್ತಿದ್ದಾರೆ ಅನ್ನುವುದನ್ನೂ ಇಂಬಳ ಹೇಳಿಬಿಟ್ಟಿತು.

ನಮ್ಮ ಸೊಪ್ಪಿನ ಬೆಟ್ಟದ ಇಂಬಳ ಏನು ಹೇಳಬಹುದು ಅಂತ ಯೋಚಿಸುತ್ತೇನೆ. ನಾನು ಚಿಕ್ಕವನಿದ್ದಾಗ ಮೂರು ಪಾಲು ದನದ ರಕ್ತವೇ ಇರುತ್ತಿತ್ತೇನೋ. ಈಗ ನಮ್ಮ ಕೇರಿಯಲ್ಲಿ ಬೆಟ್ಟಕ್ಕೆ ಹೋಗುವ ದನವೇ ಇಲ್ಲ. ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಬದಲಿಗೆ ಕಾಡುಹಂದಿ, ನವಿಲು, ಮಂಗ ಜಾಸ್ತಿ ಆಗಿವೆ ಅಂತ ಎಲ್ಲರೂ ಬೈಯುತ್ತಾರೆ. ಆದರೆ ಎಷ್ಟು ಜಾಸ್ತಿ, ಎಲ್ಲಿ, ಯಾವಾಗಿನಿಂದ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ತೋಟಕ್ಕೆ ಕಳೆನಾಶಕ ಹೊಡೆಯಲು ಶುರುಮಾಡಿದ ಮನೆಗಳ ತೋಟದಲ್ಲಿ ನನಗೆ ಇಂಬಳವೂ ಕಮ್ಮಿ ಕಂಡಿತು, ಅದು ಕಳೆನಾಶಕಕ್ಕೋ, ನೆಲ ಬೋಳಾಗಿ ಪಸೆ ಆರಿದ್ದಕ್ಕೋ, ಕುಡಿಯುವುದಕ್ಕೆ ಮೈ ಸಿಗದೆಯೋ, ಬರಿಗಣ್ಣಿಗೆ ತಿಳಿಯುವ ವಿಷಯವಲ್ಲ.

ಚೀನಾದ ಕಥೆಯನ್ನು ಚಿಕ್ಕಪ್ಪನ ಮಗನಿಗೆ ಫೋನಿನಲ್ಲಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ. 'ಅಂದ್ರೆ ಸುಮ್ನೆ ಬೆಟ್ಟದಲ್ಲಿ ನಿಂತ್ಕೊಂಡು, ಕಾಲಿಗೆ ಹತ್ತಿದ್ದನ್ನ ಡಬ್ಬಿಗೆ ಹಾಕೋದಾ?' ಅಂದ. ಹೆಚ್ಚುಕಮ್ಮಿ ಹಾಗೇ ಅಂದೆ. 'ಅದಕ್ಕೆ ಸಂಬಳ ಕೊಡ್ತಾರೆ ಅಂದ್ರೆ ಹೇಳು ಮಾರಾಯಾ, ಅಮ್ಮನ್ನ ಕಳಿಸ್ತೀನಿ. ಅವಳಿಗೆ ಬೇವಿನೆಣ್ಣೆ ಹಚ್ಚಿದ್ರೂ ಹತ್ತುತ್ತೆ.'